ಸಹಿಯಾಗದ ಮೊಣಕಾಲು

ಆ ಬೆಳಿಗ್ಗೆಯೂ ಏಣಿಗೆ ಸಹಿ ಸಿಗಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿಯ ಕೋಣೆಯ ಹೊರಗೆ ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕುರ್ಚಿಗಳಿದ್ದವು, ಕೂರಲಿಲ್ಲ. ಕೂತು ಏಳುವಾಗ ಬಲ ಮೊಣಕಾಲು ಒಂದು ಗಳಿಗೆ ಕೈಕೊಡುತ್ತಿತ್ತು. ಅದು ಯಾರ ಕಣ್ಣಿಗಾದರೂ ಬಿದ್ದರೆ ಕಥೆ ಮುಗಿಯಿತು. ಬಾಗಿಲು ತೆರೆಯಿತು. ಕಾರ್ಯದರ್ಶಿ ಫೋನಿನಲ್ಲಿ ಮಾತಾಡುತ್ತಲೇ ಹೊರಗೆ ಬಂದ. ಅವಳನ್ನು ಕಂಡು ಫೋನಿನ ಮೇಲೆ ಅಂಗೈ ಮುಚ್ಚಿದ.

"ಏನಮ್ಮಾ, ಪ್ರಾಕ್ಟೀಸಿಗೆ ಹೋಗ್ಲಿಲ್ವಾ?"

"ಹೋಗ್ತೀನಿ ಸಾರ್. ಅದೇ, ಅಗ್ರಿಮೆಂಟ್ ವಿಷಯ..."

"ಆಗತ್ತೆ, ಆಗತ್ತೆ. ಕಮಿಟಿ ಕೂತ್ಕೋಬೇಕಲ್ಲ. ನಿನ್ನನ್ನ ನಾವು ಕೈ ಬಿಡ್ತೀವಾ? ಮನೆ ಮಗಳಿದ್ದ ಹಾಗೆ ನೀನು."

ಹೇಳಿ ಮೆಟ್ಟಿಲಿಳಿದು ಹೋದ. ಮನೆ ಮಗಳು ಎನ್ನುವ ಮಾತು ಆ ಕ್ಲಬ್ಬಿನಲ್ಲಿ ಬಹಳ ಅಗ್ಗ. ಕಸ ಗುಡಿಸುವವಳೂ ಮನೆ ಮಗಳೇ, ಗೇಟಿನ ಕಾವಲುಗಾರನೂ ಮನೆ ಮಗನೇ. ಅವರನ್ನು ಮನೆಯೊಳಗೆ ಕರೆದು ಕೂರಿಸಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಅವಳಿಗೆ ಏಣಿ ಎಂದು ಹೆಸರಿಟ್ಟವರು ಗೋಡೌನಿನ ಹಮಾಲರು. ಮೂಟೆಗಳ ಅಟ್ಟಿಯ ಮೇಲಿಂದ ಹಗ್ಗದ ಸುರುಳಿ ಬೇಕಾದರೆ ಅವರು ಏಣಿ ಹುಡುಕಲು ಹೋಗುತ್ತಿರಲಿಲ್ಲ, ತಮ್ಮಲ್ಲೊಬ್ಬನ ಈ ಉದ್ದನೆಯ ಮಗಳನ್ನು ಕೂಗುತ್ತಿದ್ದರು. ಮನೆಯಲ್ಲಿ ಮಾತ್ರ ಅವಳು ಪುಟ್ಟಿ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬರುವ ಪುಟ್ಟಿ. ಒಂದು ದೊಡ್ಡ ಕಂಪನಿ ಸಾಕಿಕೊಂಡಿದ್ದ ಈ ಕ್ಲಬ್ಬಿಗೆ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಅದರ ಕೋಚ್ ಒಮ್ಮೆ ಗೋಡೌನಿನ ಮುಂದೆ ಕಾರು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೆಳಗಿಂದ ಮೇಲೆ ನೋಡಿದ. ಹೀಗೆ ಅವಳು ಆಟಗಾರ್ತಿಯಾದಳು.

ಆಟ ಅವಳ ಕೈಗೆ ಬೇಗ ಹತ್ತಿತು. ರಿಂಗಿಗೆ ಬಡಿದು ಮರಳುವ ಚೆಂಡು ಎಲ್ಲಿಗೆ ಬೀಳುತ್ತದೆ ಎನ್ನುವುದು ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ಉಳಿದವರು ತಲೆಯೆತ್ತಿ ನೋಡುವಷ್ಟರಲ್ಲಿ ಚೆಂಡು ಅವಳ ಕೈಯಲ್ಲಿರುತ್ತಿತ್ತು. ಕಂಪನಿಯ ದೊಡ್ಡವರಿಗೆ ಅವಳೆಂದರೆ ಬಲು ಖುಷಿ. ಅತಿಥಿಗಳು ಬಂದಾಗ ಅವಳನ್ನು ಕರೆಸುತ್ತಿದ್ದರು. "ಕೈ ಚಾಚು" ಎನ್ನುತ್ತಿದ್ದರು. ಅವಳು ಎರಡೂ ಕೈ ಚಾಚಿ ನಿಲ್ಲಬೇಕು. ಯಾರೋ ಬಟ್ಟೆ ಅಂಗಡಿಯವರಂತೆ ಈ ಬೆರಳತುದಿಯಿಂದ ಆ ಬೆರಳತುದಿಗೆ ಟೇಪು ಹಿಡಿಯುತ್ತಿದ್ದರು. "ಎಲ್ಲಿಂದ ತಂದಿದ್ದು ಗೊತ್ತಾ? ಗೋಡೌನ್ ಹಿಂದಿಂದ!" ಎಂದು ಒಬ್ಬ ಹೇಳಿದರೆ ಎಲ್ಲರೂ ನಗುತ್ತಿದ್ದರು. ಕೈ ಇಳಿಸು ಎಂದು ಯಾರಾದರೂ ಹೇಳುವವರೆಗೆ ಅವಳು ಚಾಚಿಕೊಂಡೇ ಇರುತ್ತಿದ್ದಳು.

ಮೊದಲ ಒಪ್ಪಂದದ ಜೊತೆಗೆ ಒಂದು ಮನೆಯ ಬೀಗದ ಕೈ ಸಿಕ್ಕಿತ್ತು. ಕ್ರೀಡಾಂಗಣದ ಹಿಂದೆ ಆಟಗಾರರಿಗೆಂದು ಕಟ್ಟಿಸಿದ ಸಾಲುಮನೆಗಳಲ್ಲಿ ಒಂದು. ಎರಡು ಕೋಣೆ, ಒಳಗೇ ನಲ್ಲಿ, ಬಾಗಿಲಿರುವ ಬಚ್ಚಲು. ಅವಳ ಅಪ್ಪ ಬೆನ್ನು ಮುರಿದುಕೊಂಡು ಕೂತ ಹಮಾಲ. ಅಮ್ಮ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ರಕ್ತ, ಕೀವು ಹತ್ತಿದ ಹೊದಿಕೆಗಳನ್ನು ಒಗೆಯುವವಳು. ಹೊಸ ಮನೆಗೆ ಬಂದ ದಿನ ಅಮ್ಮ ನಲ್ಲಿ ಬಿಟ್ಟು, ನಿಲ್ಲಿಸಿ, ಮತ್ತೆ ಬಿಟ್ಟು, ಅದರ ಮುಂದೆ ಸುಮ್ಮನೆ ಕೂತಿದ್ದಳು. ಈಗ ಆ ಒಪ್ಪಂದ ಮುಗಿದು ತಿಂಗಳುಗಳೇ ಆಗಿದ್ದವು. ಮುಂದುವರಿಸುತ್ತೇವೆ ಎಂದಿದ್ದರು. ತಂಡದ ಉಳಿದವರಿಗೆಲ್ಲ ಸಹಿಯಾಗಿತ್ತು. ಇವಳಿಗೆ ಆಗಿರಲಿಲ್ಲ. ಸಹಿ ಇಲ್ಲದಿದ್ದರೆ ಆಟವೂ ಇಲ್ಲ, ಮನೆಯೂ ಇಲ್ಲ. ಸಾಲುಮನೆಗಳ ಉಸ್ತುವಾರಿಯವನು ಬೀಗದ ಕೈಗಳ ಗೊಂಚಲು ಅಲುಗಿಸುತ್ತ ಹಾದುಹೋದಾಗಲೆಲ್ಲ ಮೂವರೂ ಮಾತು ನಿಲ್ಲಿಸುತ್ತಿದ್ದರು. ಸದ್ದು ದೂರವಾದ ಮೇಲೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮಾತು ಶುರುವಾಗುತ್ತಿತ್ತು.

ಸಹಿಯಾಗದವರಿಗೆ ಆ ತಂಡದಲ್ಲಿ ಬೇರೆಯೇ ನಿಯಮ. ಅವರಿಗೆ ನಂಬರಿನ ಅಂಗಿ ಪಂದ್ಯದ ಹೊತ್ತಿಗೆ ಮಾತ್ರ, ಮುಗಿದ ಕೂಡಲೇ ಬಿಚ್ಚಿ ಕೊಡಬೇಕು. ಅಭ್ಯಾಸದ ಹೊತ್ತಿನಲ್ಲಿ ಬೋಳು ಬನಿಯನ್. ಅಭ್ಯಾಸದ ನಡುವೆ ನೆಲದ ಮೇಲೆ ಬೆವರು ಬಿದ್ದರೆ ಒರೆಸಬೇಕಾದವರೂ ಅವರೇ. ಈ ಸಲ ಅವಳೊಬ್ಬಳೇ ಇದ್ದುದರಿಂದ ಹತ್ತು ಹನ್ನೆರಡು ಜನರ ಬೆವರು ಅವಳ ಪಾಲಿಗೆ ಬಂದಿತ್ತು. "ಏಯ್ ಏಣಿ, ಇಲ್ಲಿ!" ಎಂದು ಕೋಚ್ ಕಾಲಿನಿಂದ ತೋರಿಸುತ್ತಿದ್ದ. ಅವಳು ಬಟ್ಟೆ ಹಿಡಿದು ಓಡಿ, ಮಂಡಿಯೂರಿ ಒರೆಸುತ್ತಿದ್ದಳು. ಬಲ ಮಂಡಿ ನೆಲಕ್ಕೆ ತಾಗಿದ್ದೇ ತೊಡೆಯೊಳಗೆ ಬೆಂಕಿ ಹಚ್ಚಿದ ಹಾಗಾಗುತ್ತಿತ್ತು. ಆಗ ಅವಳು ನಗುತ್ತಿದ್ದಳು. ನೋವು ಬಂದಾಗ ಮುಖ ಏನಾದರೊಂದು ಮಾಡಲೇಬೇಕಲ್ಲ, ಅವಳು ನಗುವುದನ್ನು ಕಲಿತಿದ್ದಳು. ಏಣಿ ಬಲು ತಮಾಷೆಯ ಹುಡುಗಿ ಎಂದು ತಂಡದವರೆಲ್ಲ ಅಂದುಕೊಂಡಿದ್ದರು.

ಮೊಣಕಾಲು ಹೋದದ್ದು ಕಂಪನಿಯ ಅತಿಥಿಗಳಿಗಾಗಿ ಇಟ್ಟ ಒಂದು ಪ್ರದರ್ಶನ ಪಂದ್ಯದಲ್ಲಿ. ಆಗಲೂ ಅವಳಿಗೆ ಸಹಿಯಾಗಿರಲಿಲ್ಲ. ಹಾರಿ ಚೆಂಡು ಹಿಡಿದು ಇಳಿಯುವಾಗ ಯಾರದೋ ಪಾದದ ಮೇಲೆ ಅವಳ ಪಾದ ಬಿತ್ತು. ಒಳಗೆ ಏನೋ ಹಸಿ ಕಡ್ಡಿ ಮುರಿದಂತಾಯಿತು. ಆ ಸದ್ದು ಇಡೀ ಕ್ರೀಡಾಂಗಣಕ್ಕೆ ಕೇಳಿರಬೇಕು ಎಂದು ಅವಳು ಸುತ್ತಲೂ ನೋಡಿದಳು. ಯಾರಿಗೂ ಕೇಳಿರಲಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಅವಳು ಎದ್ದು ನಗುತ್ತ ಓಡಿದಳು. ಹಿಂದಿನ ವರ್ಷ ಭುಜ ಜಾರಿಸಿಕೊಂಡ ಎಡಗೈ ಆಟಗಾರ್ತಿಯ ಬ್ಯಾಗು ಮರುದಿನವೇ ಗೇಟಿನ ಹೊರಗೆ ಕೂತಿದ್ದನ್ನು ಅವಳು ನೋಡಿದ್ದಳು. ಆ ಆಟಗಾರ್ತಿಗೂ ಸಹಿಯಾಗಿರಲಿಲ್ಲ. ಸಹಿ ಇದ್ದವರ ಮೈಗೆ ಏನಾದರೂ ಆದರೆ ಕ್ಲಬ್ಬು ವಾಸಿ ಮಾಡಿಸಬೇಕು. ಇಲ್ಲದವರ ಮೈ ಅವರವರದೇ.

ಹೀಗಾಗಿ ಅವಳು ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಊದಿದ ಮೊಣಕಾಲನ್ನು ತಣ್ಣೀರಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಅಭ್ಯಾಸಕ್ಕೆ ಹೋಗುವಾಗ ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ನೋವಿಗಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದುದು ಹೆದರಿಕೆ. ಕೋಚ್ ಕಣ್ಣು ಕಿರಿದು ಮಾಡಿದರೆ ಹೆದರಿಕೆ. ಕಾರ್ಯದರ್ಶಿ ನಕ್ಕರೆ ಹೆದರಿಕೆ, ನಗದಿದ್ದರೆ ಇನ್ನೂ ಹೆದರಿಕೆ. ಮೆಟ್ಟಿಲು ಕಂಡರೆ ಹೆದರಿಕೆ. ಅವಳು ಇಷ್ಟುದ್ದ ಇದ್ದು ಅಡಗಿಕೊಳ್ಳುವುದಾದರೂ ಎಲ್ಲಿ?

ಅವಳು ಯಾರಿಂದ ಮುಚ್ಚಿಟ್ಟರೂ ಅಪ್ಪನಿಂದ ಮುಚ್ಚಿಡಲು ಆಗಲಿಲ್ಲ. ಜೀವಮಾನವಿಡೀ ಭಾರ ಹೊತ್ತವರ ನಡುವೆ ಬದುಕಿದವನು ಅವನು. ಮಗಳು ಹೊಸ್ತಿಲು ದಾಟುವಾಗ ಯಾವ ಕಾಲು ಮೊದಲು ಇಡುತ್ತಾಳೆ ಎಂದು ನೋಡಿಯೇ ಅವನಿಗೆ ಗೊತ್ತಾಗಿತ್ತು. ಗೊತ್ತಾದರೂ ಕೇಳಲಿಲ್ಲ. ಅವರ ಮನೆಯಲ್ಲಿ ನೋವನ್ನು ಕೇಳುವ ರೂಢಿ ಇರಲಿಲ್ಲ, ಕೇಳಿದರೆ ಏನಾದರೂ ಮಾಡಬೇಕಾಗುತ್ತದೆ. ಅಪ್ಪ ತನಗೆ ತಿಳಿದದ್ದನ್ನು ಮಾಡಿದ.

ಅವನಿಗೆ ತಿಳಿದದ್ದು ಇಷ್ಟೇ. ಗೋಡೌನಿನ ಗೇಟಿನಲ್ಲಿ ಬೆಳಿಗ್ಗೆ ಹಮಾಲರು ಸಾಲಾಗಿ ನಿಲ್ಲುತ್ತಿದ್ದರು. ಮೇಸ್ತ್ರಿ ಒಬ್ಬೊಬ್ಬರ ಭುಜ, ಸೊಂಟ, ಬೆನ್ನಹುರಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಕೆಲಸಕ್ಕೆ ಆರಿಸುತ್ತಿದ್ದ. ನೋವು ಮುಚ್ಚಿಟ್ಟವನು ಆ ಹೆಬ್ಬೆರಳಿಗೆ ಸಿಕ್ಕಿಬಿದ್ದರೆ ಮತ್ತೆ ಆ ಗೇಟಿಗೆ ಬರುವಂತಿಲ್ಲ. ಆದ್ದರಿಂದ ಹಮಾಲರಲ್ಲಿ ಒಂದು ರೀತಿ ಇತ್ತು. ಮೇಸ್ತ್ರಿ ಮುಟ್ಟುವ ಮೊದಲೇ ತಾವಾಗಿ ಹೇಳಿಬಿಡುವುದು: ಮೊನ್ನೆ ಸ್ವಲ್ಪ ಹಿಡ್ಕೊಂಡಿತ್ತು ಮೇಸ್ತ್ರಿ, ಈಗ ವಾಸಿಯಾಗಿದೆ. ಹಾಗೆ ಹೇಳಿದವನನ್ನು ಮೇಸ್ತ್ರಿ ನಂಬುತ್ತಿದ್ದ. ಮನಸ್ಸು ಬಂದರೆ ಹಗುರ ಮೂಟೆ ಕೊಡುತ್ತಿದ್ದ. ಲೋಕದಲ್ಲಿ ಕೆಲಸ ಕೊಡುವವರೆಲ್ಲ ಒಂದೇ ತರ ಎಂದು ಅಪ್ಪ ನಂಬಿದ್ದ.

ಒಂದು ಮಧ್ಯಾಹ್ನ ಅವಳು ಅಭ್ಯಾಸ ಮುಗಿಸಿ ಬಂದಾಗ ಅಪ್ಪ ಒಗೆದ ಅಂಗಿ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಬಾಗಿಲಲ್ಲೇ ಕೂತಿದ್ದ. ಮುಖ ಅರಳಿತ್ತು.

"ಎಲ್ಲಿಗೆ ಹೋಗಿದ್ದೆ ಅಪ್ಪ?"

"ನಿಮ್ಮ ಕಾರ್ಯದರ್ಶಿ ಹತ್ರ ಹೋಗಿದ್ದೆ. ಒಳ್ಳೆ ಮನುಷ್ಯ. ಕೂತ್ಕೋ ಅಂದ್ರು."

"ಏನು ಮಾತಾಡ್ದೆ?"

"ಏನಿಲ್ಲ. ಸಹಿ ಬೇಗ ಮಾಡ್ಕೊಡಿ ಅಂದೆ. ಮಗಳ ಮೊಣಕಾಲು ಈಗ ವಾಸಿಯಾಗಿದೆ ಸ್ವಾಮಿ, ಮೂಟೆ ಹೊರೋ ಹಾಗಿದ್ದಾಳೆ, ಯೋಚನೆ ಮಾಡ್ಬೇಡಿ ಅಂದೆ."

ಅವಳು ಬ್ಯಾಗನ್ನು ಕೈಯಿಂದ ಬಿಟ್ಟಳು. ಗೋಡೆ ಹಿಡಿದು ಕೂತಳು.

"ಯಾಕೆ ಹೇಳ್ದೆ? ಯಾರು ಹೇಳು ಅಂದ್ರು ನಿಂಗೆ?"

"ನಾವೇ ಮೊದ್ಲು ಹೇಳ್ಬೇಕು ಪುಟ್ಟಿ. ಅವರಾಗಿ ಕಂಡುಹಿಡಿದ್ರೆ ಉಳಿಗಾಲ ಇಲ್ಲ. ಮುಚ್ಚಿಟ್ಟವರ ಗತಿ ಏನಾಯ್ತು ಅಂತ ನೋಡಿದ್ದೀನಿ ನಾನು."

"ಅವ್ರಿಗೆ ಗೊತ್ತೇ ಇರ್ಲಿಲ್ಲ ಅಪ್ಪ! ಅವ್ರೇನು ಮೇಸ್ತ್ರಿನಾ?"

"ಕೆಲ್ಸ ಕೊಡೋರೆಲ್ಲ ಮೇಸ್ತ್ರಿಗಳೇ," ಎಂದ ಅಪ್ಪ. ಮಗಳ ಮುಖ ನೋಡಿ ಅವನ ಮುಖವೂ ಸಣ್ಣದಾಯಿತು. ತಾನೇನೋ ಎಡವಟ್ಟು ಮಾಡಿದ್ದೇನೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. "ಕೂತ್ಕೋ ಅಂದ್ರಲ್ಲ ಪುಟ್ಟಿ," ಎಂದು ಮತ್ತೊಮ್ಮೆ ಹೇಳಿದ. ಜೀವನದಲ್ಲಿ ಯಾವ ಮೇಸ್ತ್ರಿಯೂ ಅವನಿಗೆ ಆ ಮಾತು ಹೇಳಿರಲಿಲ್ಲ.

ಅವತ್ತಿನಿಂದ ಅವಳು ತನ್ನ ಬ್ಯಾಗು ಗೇಟಿನ ಹೊರಗೆ ಬೀಳುವುದನ್ನು ಕಾಯತೊಡಗಿದಳು. ಬೀಳಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕೋಚ್ ಬೈಯುವುದನ್ನು ನಿಲ್ಲಿಸಿದ. ನೆಲ ಒರೆಸಲು ಬೇರೆ ಯಾರನ್ನೋ ಕರೆದ. "ಕಾಲು ಜೋಪಾನ" ಎಂದ. ಅವನ ಬಾಯಿಂದ ಒಳ್ಳೆಯ ಮಾತು ಕೇಳಿ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಕಾರ್ಯದರ್ಶಿ ಕಾರಿಡಾರಿನಲ್ಲಿ ಸಿಕ್ಕಾಗ ಅವಳ ಮುಖ ನೋಡದೆ ನೇರ ಮೊಣಕಾಲು ನೋಡಿ, "ಫೈನಲ್ ಒಂದು ಮುಗೀಲಿ, ಎಲ್ಲ ಸರಿಹೋಗತ್ತೆ" ಎಂದ. ಸಹಿ ಬೇಡವೆಂದೂ ಹೇಳುವುದಿಲ್ಲ, ಮಾಡುವುದೂ ಇಲ್ಲ. ಮೂಗಿಗೆ ತುಪ್ಪ ಸವರುತ್ತಲೇ ಇದ್ದರು. ಅವಳು ಅನ್ನ ಮುಟ್ಟುವುದನ್ನು ಕಡಿಮೆ ಮಾಡಿದಳು. ಅಮ್ಮ ಬಡಿಸಿದ್ದು ತಟ್ಟೆಯಲ್ಲೇ ಒಣಗುತ್ತಿತ್ತು.

"ಏನಾಗಿದೆ ನಿಂಗೆ?" ಎಂದು ಅಮ್ಮ ಗದರಿದಳು.

"ಏನಿಲ್ಲಮ್ಮ. ಫೈನಲ್ ಹತ್ರ ಬಂತಲ್ಲ."

ಅಮ್ಮ ಅವಳನ್ನೇ ನೋಡಿದಳು. ಲಾಂಡ್ರಿಯ ಸೋಡಾ ನೀರಿಗೆ ಸುಲಿದುಹೋದ ಕೈಗಳಿಂದ ತಟ್ಟೆ ಎತ್ತಿಕೊಂಡಳು. ಅಮ್ಮನೂ ಮುಂದೆ ಕೇಳಲಿಲ್ಲ.

ಫೈನಲ್ ಇದ್ದದ್ದು ಅವರ ಕ್ರೀಡಾಂಗಣದಲ್ಲೇ, ಸಂಜೆ ಹೊತ್ತಿಗೆ. ಮಧ್ಯಾಹ್ನವೇ ಜನ ಸೇರತೊಡಗಿದರು. ಗೋಡೆಯ ಮೇಲೆ ಕಂಪನಿ ಅಂಟಿಸಿದ ದೊಡ್ಡ ಚಿತ್ರದಲ್ಲಿ ಅವಳೇ ಇದ್ದಳು, ಚೆಂಡು ಹಿಡಿದು ಆಕಾಶಕ್ಕೆ ಹಾರಿದ ಹಾಗೆ. ಸಹಿ ಹಾಕಲು ಪುರುಸೊತ್ತಿಲ್ಲದ ಕಂಪನಿಗೆ ಚಿತ್ರ ಅಂಟಿಸಲು ಪುರುಸೊತ್ತು ಧಾರಾಳವಾಗಿತ್ತು. ಅವಳು ಆ ಚಿತ್ರದ ಕೆಳಗೆ ತಲೆತಗ್ಗಿಸಿ ಹಾದು ಒಳಗೆ ಹೋದಳು. ಡ್ರೆಸ್ಸಿಂಗ್ ರೂಮಿನ ಪಕ್ಕದ ಸಣ್ಣ ಕೋಣೆಗೆ ಬರಬೇಕೆಂದು ಕೋಚ್ ಹೇಳಿಕಳುಹಿಸಿದ್ದ.

ಕೋಣೆಯಲ್ಲಿ ಒಂದು ಎತ್ತರದ ಮೇಜು, ಅದರ ಮೇಲೆ ರೆಗ್ಸಿನ್ ಹಾಸು. ಕೋಚ್ ಇದ್ದ. ಕಾರ್ಯದರ್ಶಿ ಇದ್ದ. ಅವಳು ಹಿಂದೆಂದೂ ಕಾಣದ ಒಬ್ಬ ಡಾಕ್ಟರ್ ಕೈಗೆ ರಬ್ಬರಿನ ಗವಸು ಹಾಕಿಕೊಳ್ಳುತ್ತಿದ್ದ. ತಂಡದ ಕ್ಯಾಪ್ಟನ್ ಮೂಲೆಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಏಣಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

"ಮಲ್ಕೋ," ಎಂದ ಕೋಚ್.

"ಯಾಕೆ ಸಾರ್?"

"ಒಂದು ಇಂಜೆಕ್ಷನ್. ಮೊಣಕಾಲಿಗೆ. ಐದು ನಿಮಿಷದ ಕೆಲಸ."

ಅವಳು ಮಲಗಿದಳು. ಹೇಳಿದ್ದನ್ನು ಮಾಡಿ ಅವಳ ಮೈಗೆ ಅಭ್ಯಾಸವಾಗಿತ್ತು. ರೆಗ್ಸಿನ್ ತಣ್ಣಗಿತ್ತು. ಡಾಕ್ಟರ್ ಹತ್ತಿಯಿಂದ ಮೊಣಕಾಲು ಒರೆಸಿದ. ಹತ್ತಿ ತಾಗಿದ್ದಕ್ಕೇ ನೋವು ಚುಳ್ಳೆಂದು ಅವಳು ನಕ್ಕಳು.

"ನೋಡಿ, ನಗ್ತಿದ್ದಾಳೆ," ಎಂದ ಕಾರ್ಯದರ್ಶಿ. "ಏನೂ ಆಗಿಲ್ಲ ಇವಳಿಗೆ."

"ಇದಾದ ಮೇಲೆ ಆಟ ಮುಗಿಯೋವರೆಗೂ ನೋವೇ ಗೊತ್ತಾಗಲ್ಲ," ಎಂದ ಡಾಕ್ಟರ್. ಸೂಜಿ ಬೆಳಕಿಗೆ ಹಿಡಿದು ಗಾಳಿ ತೆಗೆದ.

ಆ ಮಾತು ಕೇಳಿ ಅವಳಿಗೆ ಅಪ್ಪನ ಕೊನೆಯ ಲಾರಿ ನೆನಪಾಯಿತು. ಸೊಂಟ ಹಿಡಿದಿತ್ತು ಅವನಿಗೆ ಅವತ್ತು. ಮೇಸ್ತ್ರಿ ಒಂದು ಮಾತ್ರೆ ಕೊಟ್ಟ. ಮಾತ್ರೆ ನುಂಗಿ ಅಪ್ಪ ಇಡೀ ಲಾರಿ ಇಳಿಸಿದ. ನೋವೇ ಗೊತ್ತಾಗಲಿಲ್ಲ ಎಂದು ಮನೆಗೆ ಬಂದು ಹಿಗ್ಗಿನಿಂದ ಹೇಳಿದ್ದ. ಬೆಳಿಗ್ಗೆ ಚಾಪೆಯಿಂದ ಏಳಲು ಹೋದರೆ ಸೊಂಟದ ಕೆಳಗೆ ಕಾಲುಗಳಿದ್ದುವೋ ಇಲ್ಲವೋ ಎಂದೇ ತಿಳಿಯಲಿಲ್ಲ. ಅಮ್ಮ ಅವನನ್ನು ಮಗುವಿನಂತೆ ಎತ್ತಿ ಕೂರಿಸಿದಳು. ಅಂದಿನಿಂದ ಅವನು ಬಗ್ಗಿಯೇ ನಡೆಯುತ್ತಿದ್ದಾನೆ. ಮೇಸ್ತ್ರಿ ಒಮ್ಮೆಯೂ ಅತ್ತ ತಲೆ ಹಾಕಲಿಲ್ಲ.

"ಸಾರ್," ಎಂದಳು. "ಸಹಿ?"

"ಆಟ ಮುಗೀಲಿ. ಕಾಲು ಹೇಗಿರತ್ತೆ ನೋಡ್ಕೊಂಡು ಸೋಮವಾರ ಹಾಕೋಣ."

"ಕಾಲು ಹೋದ್ರೆ?"

"ಅಪಶಕುನ ನುಡೀಬೇಡ. ಡಾಕ್ಟ್ರೇ, ನೀವು ಮಾಡಿ."

ಕ್ಯಾಪ್ಟನ್ ತಲೆಯೆತ್ತಿದಳು. "ಹಾಕಿಸ್ಕೋ ಏಣಿ," ಎಂದಳು ಮೆಲ್ಲಗೆ. "ನಾವೆಲ್ಲ ಹಾಕಿಸ್ಕೊಂಡೋರೇ." ಹೇಳಿ ತಕ್ಷಣ ಬೂಟಿನ ಕಡೆ ನೋಡಿದಳು. ದಾರ ಆಗಲೇ ಕಟ್ಟಿಯಾಗಿತ್ತು. ಅದನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು.

ಸೂಜಿ ಹತ್ತಿರ ಬಂತು. ಅವಳಿಗೆ ಭಯವಾಯಿತು. ಸೂಜಿಯ ಭಯ ಯಾವ ಲೆಕ್ಕ? ಈ ಕಾಲು ಕಳೆದುಕೊಂಡರೆ ಏನು ಎಂಬ ಭಯ. ಈ ಮೇಜಿನಿಂದ ಇಳಿದರೆ ಏನು ಎಂಬ ಭಯ. ಎರಡರ ನಡುವೆ ಅವಳು ಸಿಕ್ಕಿಕೊಂಡಿದ್ದಳು. ಯಾವ ಭಯ ದೊಡ್ಡದು ಎಂದು ಅಳೆದು ನೋಡಲು ಪುರುಸೊತ್ತಿರಲಿಲ್ಲ. ನೋವು ಇಷ್ಟು ದಿನ ಅವಳಿಗೆ ನಿಲ್ಲು, ನಿಲ್ಲು ಎಂದು ಹೇಳುತ್ತ ಬಂದಿತ್ತು. ಅದರ ಬಾಯಿಗೂ ಬೀಗ ಹಾಕಿದರೆ ತನಗೆ ನಿಲ್ಲು ಎನ್ನುವವರು ಯಾರಿದ್ದಾರೆ? ಈ ಕೋಣೆಯಲ್ಲಂತೂ ಯಾರೂ ಇಲ್ಲ.

ಅವಳು ಕಾಲು ಎಳೆದುಕೊಂಡಳು.

"ಬೇಡ."

"ಏನು ಬೇಡ?"

"ಸೂಜಿ ಬೇಡ. ಆಡಲ್ಲ ನಾನು."

ಮೇಜಿನಿಂದ ಇಳಿದಳು. ಮೊಣಕಾಲು ಕೈಕೊಟ್ಟಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು, ಎಲ್ಲರಿಗೂ ಕಾಣುವ ಹಾಗೆ. ಕೋಚ್ ಕೆಂಡವಾದ. "ಗೋಡೌನ್ ಹಿಂದಿಂದ ಎತ್ಕೊಂಡು ಬಂದಿದ್ದಕ್ಕೆ ಒಳ್ಳೆ ಮರ್ಯಾದೆ ಮಾಡ್ತಿದ್ದೀಯ! ಮೂಟೆ ಹೊರೋ ಜಾತಿಗೆ ಬೂಟು ಹಾಕ್ಸಿದ್ದು ನನ್ನ ತಪ್ಪು," ಎಂದು ಕಿರುಚಿದ. ಅವಳು ಬೂಟು ಬಿಚ್ಚಿಟ್ಟಳು. ಅವು ಕ್ಲಬ್ಬಿನವು. ಚಪ್ಪಲಿ ಹಾಕಿಕೊಳ್ಳುವುದೂ ಮರೆತು ಬರಿಗಾಲಲ್ಲಿ ಕಾರಿಡಾರಿಗೆ ಬಂದಳು. ಹೊರಗೆ ಜನ ಅವಳ ಹೆಸರು ಕೂಗುತ್ತಿದ್ದರು. ಅವಳು ಹಿಂದಿನ ಬಾಗಿಲಿನಿಂದ ಮನೆಗೆ ಹೋದಳು.

ಅಮ್ಮ ಕೆಲಸದಿಂದ ಆಗಷ್ಟೇ ಬಂದಿದ್ದಳು. ಅಪ್ಪ ಪಂದ್ಯ ನೋಡಲು ಅಂಗಿ ಹಾಕಿಕೊಂಡು ತಯಾರಾಗಿದ್ದ. ಅವಳು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವ ಮೊದಲೇ ಅಪ್ಪ ಬಾಯಿ ಹಾಕಿದ.

"ಒಂದು ಸೂಜಿ ತಾನೇ! ಹಾಕಿಸ್ಕೊಂಡು ಬಿಡೋಕೆ ಆಗ್ಲಿಲ್ವಾ?"

"ನಿಂಗೆ ಒಂದು ಮಾತ್ರೆ ತಾನೇ ಕೊಟ್ಟಿದ್ದು ಅಪ್ಪ."

ಅಪ್ಪ ತನ್ನ ಸೊಂಟ ಒತ್ತಿಕೊಂಡ. ಆದರೂ ಭಯ ಅವನನ್ನು ಬಿಡಲಿಲ್ಲ. "ಈಗ ಎಲ್ಲಿಗೆ ಹೋಗೋದು? ಗೋಡೌನ್ ಹಿಂದಿನ ಆ ಶೆಡ್ಡಿಗೆ ಮತ್ತೆ? ನಿಮ್ಮಮ್ಮ ಬಯಲಲ್ಲಿ ಸ್ನಾನ ಮಾಡ್ಬೇಕಾ? ಹೋಗು ಪುಟ್ಟಿ, ಇನ್ನೂ ಹೊತ್ತು ಮೀರಿಲ್ಲ, ಕಾಲಿಗೆ ಬಿದ್ದು ಕೇಳ್ಕೊಂಡ್ರೆ..." ಅಮ್ಮ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದಳು. ಕ್ರೀಡಾಂಗಣದಿಂದ ಜನರ ಬೊಬ್ಬೆ ಅಲೆಅಲೆಯಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬೊಬ್ಬೆ ತಗ್ಗಿತು. ತಂಡ ಸೋಲುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಆದರೂ ಅವಳು ಕಿವಿ ಅತ್ತಲೇ ಇಟ್ಟಿದ್ದಳು. ಆ ಆಟವನ್ನು ಅವಳು ಪ್ರೀತಿಸುತ್ತಿದ್ದಳು. ಅದನ್ನು ಯಾರೂ ಅವಳಿಗೆ ಸಾಲವಾಗಿ ಕೊಟ್ಟಿರಲಿಲ್ಲ.

ಅರ್ಧ ಆಟದ ಸೀಟಿ ಕೇಳಿ ಸ್ವಲ್ಪ ಹೊತ್ತಿಗೆ ಮನೆಯ ಮುಂದೆ ಕಾರು ನಿಂತಿತು. ಇಳಿದವನು ಸ್ವತಃ ಕಾರ್ಯದರ್ಶಿ. ಅವನು ಸಾಲುಮನೆಗಳ ಕಡೆ ಕಾಲಿಟ್ಟದ್ದನ್ನು ಅಲ್ಲಿನವರು ಯಾರೂ ನೋಡಿರಲಿಲ್ಲ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಅಪ್ಪ ಗಡಬಡಿಸಿ ಎದ್ದು ಕೈಮುಗಿದ.

"ಬಾರಮ್ಮಾ, ಗಾಡಿ ಹತ್ತು," ಎಂದ ಕಾರ್ಯದರ್ಶಿ. ಮುಖದಲ್ಲಿ ಬೆವರಿತ್ತು. "ಕೋಪದಲ್ಲಿ ಕೋಚ್ ಏನೋ ಅಂದ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ. ಇನ್ನೂ ಅರ್ಧ ಆಟ ಇದೆ. ನೋಡು, ತಂದಿದ್ದೀನಿ."

ಜೇಬಿನಿಂದ ಮಡಿಸಿದ ಕಾಗದ ತೆಗೆದ. ಅವಳ ಒಪ್ಪಂದ. ಅದರ ಮೇಲೆ ಅವಳ ಹೆಸರಿತ್ತು. ಅಡಿಯಲ್ಲಿ ಒಂದು ಗೆರೆ, ಗೆರೆಯ ಮೇಲೆ ಏನೂ ಇರಲಿಲ್ಲ. ಇಷ್ಟು ತಿಂಗಳು ಅವಳು ಆ ಖಾಲಿ ಗೆರೆಯ ಮೇಲೆ ಜೀವ ಇಟ್ಟುಕೊಂಡಿದ್ದಳು. ಈಗ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಅಪ್ಪನ ಕಣ್ಣಲ್ಲಿ ನೀರು ಬಂತು.

"ಹಾಕಿ ಸಾರ್," ಎಂದಳು.

"ಹಾಕ್ತೀನಿ. ಗೆದ್ದ ಕೂಡ್ಲೇ. ಅಲ್ಲೇ, ಎಲ್ಲರ ಎದುರಿಗೆ."

"ಈಗ ಹಾಕಿ."

ಕಾರ್ಯದರ್ಶಿ ಹಿಂದೆ ಮುಂದೆ ನೋಡಿದ. ಕಾಗದವನ್ನು ಬಾಗಿಲಿಗೆ ಆನಿಸಿ ಹಿಡಿದ. ಪೆನ್ನಿನ ಮುಚ್ಚಳ ತೆಗೆದ. ಬರೆಯುವ ಮೊದಲು ಒಮ್ಮೆ ಅವಳ ಮೊಣಕಾಲು ನೋಡಿದ. ಅದು ಊದಿ, ಚರ್ಮ ಬಿಗಿದು, ಒಂದು ಕಡೆ ಕಪ್ಪಿಟ್ಟಿತ್ತು. ಅವನು ಬಹಳ ಹೊತ್ತು ನೋಡಿದ. ಪೆನ್ನು ಗೆರೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಆಮೇಲೆ ಅವನು ಮುಚ್ಚಳ ಹಾಕಿದ.

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?" ಎಂದ.

ಅವಳಿಗೆ ಆಗ ಎಲ್ಲ ತಿಳಿಯಿತು. ತಡವಾಗುತ್ತಿದೆ, ತಡವಾಗುತ್ತಿದೆ ಎಂದು ಅವಳು ಕಾಯುತ್ತಿದ್ದಳು. ಅದು ತಡವೇ ಆಗಿರಲಿಲ್ಲ. ಉತ್ತರವನ್ನು ಅವರು ಎಂದೋ ಕೊಟ್ಟಾಗಿತ್ತು. ಮೈ ಮುಗಿಯುವವರೆಗೆ ಆಡಿಸುವುದು, ಮುಗಿದ ಮೇಲೆ ಮುಚ್ಚಳ ಹಾಕುವುದು. ಇಷ್ಟು ಸರಳ ವಿಷಯಕ್ಕೆ ಕಮಿಟಿಯೂ ಕೂರಬೇಕಾಗಿರಲಿಲ್ಲ.

"ಬರಲ್ಲ ಸಾರ್."

"ನಾಳೆ ಬೆಳಿಗ್ಗೆ ಈ ಮನೆಗೆ ಬೀಗ ಬೀಳತ್ತೆ. ಇನ್ನು ಯಾವ ಟೀಮೂ ನಿನ್ನನ್ನ ಮುಟ್ಟದ ಹಾಗೆ ಮಾಡ್ತೀನಿ. ಗೊತ್ತಾ?"

"ಗೊತ್ತು ಸಾರ್." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹೆದರಿಕೆ ಆಗ್ತಿದೆ. ಆದ್ರೂ ಬರಲ್ಲ."

ಕಾರ್ಯದರ್ಶಿ ಅಪ್ಪನ ಕಡೆ ತಿರುಗಿದ. "ನೀನಾದ್ರೂ ಬುದ್ಧಿ ಹೇಳಯ್ಯ. ವಾಸಿಯಾಗಿದೆ ಅಂತ ನೀನೇ ತಾನೇ ಬಂದು ಹೇಳಿದ್ದು?"

ಅಪ್ಪ ಕೈಮುಗಿದುಕೊಂಡೇ ನಿಂತಿದ್ದ. ಮಗಳ ಮೊಣಕಾಲನ್ನು ಅವನೂ ಈಗಲೇ ಸರಿಯಾಗಿ ನೋಡಿದ್ದು. ಜೋಡಿಸಿದ ಕೈಗಳು ನಿಧಾನವಾಗಿ ಬಿಟ್ಟುಕೊಂಡವು.

"ತಪ್ಪು ಹೇಳ್ದೆ ಸ್ವಾಮಿ," ಎಂದ. "ನಾನು ಅವಳ್ನ ಕೇಳಿರ್ಲಿಲ್ಲ."

ಕಾರು ಹೋಯಿತು. ಅಕ್ಕಪಕ್ಕದ ತಲೆಗಳು ಒಳಗೆ ಹೋಗಲಿಲ್ಲ. ಕ್ರೀಡಾಂಗಣದಲ್ಲಿ ಸೀಟಿ ಊದಿ ಉಳಿದರ್ಧ ಆಟ ಶುರುವಾಯಿತು. ಮೂವರೂ ನಿಂತಲ್ಲೇ ನಿಂತಿದ್ದರು. ಬೆಳಿಗ್ಗೆ ಎಲ್ಲಿಗೆ ಹೋಗುವುದೆಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಗೋಡೆ ಹಿಡಿದು, ಹಲ್ಲು ಕಚ್ಚಿ, ಮುರಿದ ಬೆನ್ನನ್ನು ಬಗ್ಗಿಸಿ ಮಗಳ ಕಾಲಿನ ಹತ್ತಿರ ನೆಲದ ಮೇಲೆ ಕೂತ.

"ಎಲ್ಲಿ ನೋಯತ್ತೆ ಪುಟ್ಟಿ?"

ಕೋಚ್ ಕೇಳಿರಲಿಲ್ಲ. ಡಾಕ್ಟರ್ ಕೇಳಿರಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತು ಕಾಲು ಚಾಚಿದಳು.

"ಇಲ್ಲಿ," ಎಂದಳು. "ಇಲ್ಲೂ. ಇಲ್ಲಿಂದ ಇಲ್ಲಿವರೆಗೂ ಅ‍ಪ್ಪ."

ಅಪ್ಪ ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಅವಳು ಕಿರುಚಿದಳು. ಇಡೀ ಸಾಲುಮನೆಗಳಿಗೆ ಕೇಳುವಷ್ಟು ಜೋರಾಗಿ ಕಿರುಚಿದಳು. ಅಮ್ಮ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು, ಬಂದು ಮಗಳ ಪಕ್ಕದಲ್ಲಿ ಕೂತಳು. ಬಾಗಿಲು ಹಾಕಲು ಮಾತ್ರ ಹೋಗಲಿಲ್ಲ.